ಸೂಜಿ ಮುರಿಯದ ದಿನ

"ಇದರ ತುದಿ ಎಲ್ಲುಂಟು ಮಾರಾಯ?" ಎಂದು ಸ್ಟೋರಿನ ಮ್ಯಾಗ್ಡಲಿನ್ ಮೇಡಂ ಸೂಜಿಯ ತುದಿಯನ್ನು ಬೆರಳಿನಿಂದ ಒತ್ತಿ ನೋಡಿದರು.

ವಿಠಲನಿಗೆ ಬೆಳಿಗ್ಗೆ ಬೆಳಿಗ್ಗೆಯೇ ಪಿತ್ತ ನೆತ್ತಿಗೇರಿತು. "ಅದು ಕಣ್ಣಿಗೆ ಕಾಣುವ ತುದಿ ಅಲ್ಲ ಮೇಡಂ! ಮುಟ್ಟಿದಿರಲ್ಲ, ಹೋಯಿತು!"

"ಮುಟ್ಟದೆ ನಂಬರ್ ಅಂಟಿಸುವುದು ಹೇಗೆ? ಸ್ಟೋರಿನ ಸಾಮಾನಿಗೆಲ್ಲ ನಂಬರ್ ಬೇಕು."

ಮಣಿಪಾಲದ ಆ ಲ್ಯಾಬಿನಲ್ಲಿ ವಿಠಲ ಎರಡು ವರ್ಷದಿಂದ ತಾತ್ಕಾಲಿಕ ನೌಕರ. ತಂತಿಯನ್ನು ಆಸಿಡ್ಡಿನಲ್ಲಿ ಅದ್ದಿ ಸವೆಸಿ ಸೂಜಿ ಮಾಡುವುದು ಅವನ ಕೆಲಸ. ಗಾಳಿಯೇ ಇಲ್ಲದ ಯಂತ್ರದ ಹೊಟ್ಟೆಯಲ್ಲಿ ಆ ಸೂಜಿಯನ್ನಿಟ್ಟು ಲೇಸರ್ ಹೊಡೆದರೆ ತುದಿಯಿಂದ ಪರಮಾಣುಗಳು ಒಂದೊಂದಾಗಿ ಹಾರುತ್ತವೆ. ಯಾವುದು ಎಷ್ಟು ಬೇಗ ಗುರಿ ಮುಟ್ಟಿತೆಂದು ನೋಡಿ ಲೋಹದಲ್ಲಿ ಏನೇನಿದೆ ಎಂದು ಹೇಳಬಹುದು. ಆದರೆ ಸೂಜಿಗಳು ವಾರಕ್ಕೆ ಹತ್ತರಂತೆ ಮುರಿಯುತ್ತಿದ್ದವು. "ನಿನ್ನ ಸೂಜಿಯೇ ಸರಿ ಇಲ್ಲ" ಎಂದು ಮುಖ್ಯಸ್ಥ ಡಾಕ್ಟರ್ ಎಡ್ಮಂಡ್ ಬಯ್ಯುತ್ತಿದ್ದರು. ಇವತ್ತು ಮೂರು ಗಂಟೆಗೆ ಲ್ಯಾಬಿನ ಹುದ್ದೆಗಳನ್ನು ತೀರ್ಮಾನಿಸುವ ಸಮಿತಿ ಬರಲಿತ್ತು. ಸೂಜಿ ಮುರಿಯದೆ ನಿಂತರೆ ವಿಠಲನ ಕೆಲಸ ಖಾಯಂ. ಮುರಿದರೆ ಅವನು ಉದ್ಯಾವರದ ಬಸ್ಸು ಹತ್ತಿ ಮನೆಗೆ ಹೋಗಬೇಕು, ಮತ್ತೆ ಬರಬೇಕಾಗಿಲ್ಲ.

ಮಧ್ಯಾಹ್ನ ಪಕ್ಕದ ಕೋಣೆಯ ಲೂಯಿಸ್ ಹಲ್ಲು ಚೀಪುತ್ತ ಬಂದ. "ನಿನ್ನ ಡಬ್ಬಿಯ ಸೂಜಿಯಿಂದ ಭಾರೀ ಉಪಕಾರ ಆಯ್ತು ವಿಠಲ. ಬಂಗುಡೆ ಮೀನಿನ ಮುಳ್ಳು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು."

"ಅದು ನನ್ನ ಅರ್ಧ ದಿನದ ಕೆಲಸ!"

"ಬೊಬ್ಬೆ ಎಂತಕ್ಕೆ? ತೊಳೆದೇ ಇಟ್ಟಿದ್ದೇನಲ್ಲ!"

ಇನ್ನು ಉಳಿದದ್ದು ನಿನ್ನೆಯೇ ಯಂತ್ರದೊಳಗೆ ಕೂರಿಸಿದ್ದ ಒಂದೇ ಸೂಜಿ. ವಿಠಲ ಊಟ ಬಿಟ್ಟು, ಮೊಟ್ಟೆಗೆ ಕೂತ ಕೋಳಿಯ ಹಾಗೆ, ಹತ್ತಿರ ಬಂದವರನ್ನೆಲ್ಲ ಗದರಿಸುತ್ತ ಯಂತ್ರದ ಪಕ್ಕದಲ್ಲೇ ಕೂತ.

ಮೂರಕ್ಕೆ ಸಮಿತಿ ಬಂತು. ಎಡ್ಮಂಡ್ ಲೇಸರಿನ ಗುಂಡಿಯನ್ನು ಪೂರ್ತಿ ತಿರುಗಿಸಲು ಹೊರಟರು.

"ಸಾರ್, ಕಾವಲಿ ಅಷ್ಟು ಕಾದರೆ ದೋಸೆ ಕರಟುತ್ತದೆ. ಬಿಸಿಗೇ ತುದಿ ಹಾಳಾಗುವುದು. ಲೇಸರ್ ಕಡಿಮೆ ಮಾಡಿ ಅಂತ ಆರು ತಿಂಗಳಿಂದ ಹೇಳುತ್ತಿದ್ದೇನೆ."

"ನೀನು ನಿನ್ನ ಸೂಜಿ ನೋಡಿಕೋ."

ದಿನವಿಡೀ ನುಂಗಿದ ಕೋಪ ಅಲ್ಲಿ ಕಟ್ಟೆಯೊಡೆಯಿತು. "ನನ್ನ ಸೂಜಿಯಲ್ಲಿ ತಪ್ಪಿಲ್ಲ! ತಪ್ಪು ನಿಮ್ಮ ಗುಂಡಿಯಲ್ಲಿ ಉಂಟು!" ಎಂದು ಅವರ ಕೈ ಸರಿಸಿ, ಗುಂಡಿಯನ್ನು ಕಾಲು ಭಾಗಕ್ಕೆ ಇಳಿಸಿಯೇ ಬಿಟ್ಟ. ಲೇಸರ್ ಹೊಡೆದಂತೆ ಪರಮಾಣುಗಳು ಒಂದೊಂದಾಗಿ ಗುರಿಗೆ ಬೀಳತೊಡಗಿದವು. ಒಂದು ಗಂಟೆ ಕಳೆಯಿತು. ಸೂಜಿ ಅಲುಗಲಿಲ್ಲ. ಲೆಕ್ಕವೂ ಹಿಂದೆಂದಿಗಿಂತ ಸ್ಪಷ್ಟವಾಗಿ ಬಂತು.

ಸಮಿತಿಯ ಅಧ್ಯಕ್ಷೆ ಪ್ರಭಾವತಿಯವರು ಚಪ್ಪಾಳೆ ತಟ್ಟಿದರು. "ಭೇಷ್! ವಾರಕ್ಕೆ ಹತ್ತು ಸೂಜಿ ಬೇಕಿತ್ತು, ಅಲ್ವಾ? ಇನ್ನು ಮುಂದೆ?"

ವಿಠಲ ಎದೆಯುಬ್ಬಿಸಿದ. "ಎಂತ ಹತ್ತು ಮೇಡಂ! ತಿಂಗಳಿಗೆ ಒಂದು ಸಾಕು. ಅರ್ಧ ದಿನ ಕೂತರೆ ಯಾರು ಬೇಕಾದರೂ ಮಾಡಿಕೊಳ್ಳಬಹುದು!"

"ಬಹಳ ಸಂತೋಷ," ಎಂದು ಅವರು ಫೈಲು ಬಿಡಿಸಿ, ಸೂಜಿ ಮಾಡುವವನ ಹುದ್ದೆಯ ಮೇಲೆ ಅಡ್ಡಗೆರೆ ಎಳೆದರು.

ವಿಠಲ ಕೆಂಡವಾಗಿ, ಯಾರಿಗೆ ಬಯ್ಯಲಿ ಎಂದು ಸುತ್ತ ನೋಡಿದ. ಈ ಸಲ ಬಾಯಿ ಬಿಟ್ಟವನು ಅವನೊಬ್ಬನೇ ಆಗಿದ್ದ.