ಸೋಲಿಗೆ ಹರಕೆ ಹೊತ್ತ ಭಾವ

ಊರಿನವರೆಲ್ಲ ಗೆಲ್ಲಿಸಪ್ಪಾ ಅಂತ ದೇವರಿಗೆ ಕೈ ಮುಗಿದರೆ, ನಮ್ಮ ಭಾವ ಸೋಲಿಸು ಅಂತ ಮುಗೀತಾರೆ! ಭಾವ ಅಂದರೆ ನಮ್ಮಕ್ಕನ ಗಂಡ. ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಿ, ‘ತಾಯೀ, ಮೊದಲು ಭರ್ಜರಿ ಎಲೆ ಕೊಡು, ಆಮೇಲೆ ಸೋಲಿಸು’ ಅಂತ ಬೇಡಿಕೊಂಡದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

ಇದಕ್ಕೆಲ್ಲ ಕಾರಣ ಜೆ.ಪಿ. ನಗರದ ಒಂದು ಪೋಕರ್ ಕ್ಲಬ್ಬು, ಪಣ ಕಟ್ಟಿ ಇಸ್ಪೀಟೆಲೆ ಆಡೋ ಜಾಗ. ಗೋವಾದ ಕ್ಯಾಸಿನೊಗಳನ್ನು ನೋಡಿ ಅವರೂ ಒಂದು ಸ್ಕೀಮು ತಂದರು. ನಾಲ್ಕು ಒಂದೇ ತರದ ಎಲೆ ಬಂದರೆ ಸೋಲೋದೇ ಅಪರೂಪ; ಅಂಥ ಎಲೆ ಹಿಡಿದೂ ಸೋತವನಿಗೆ ಗೋವಾ ಪ್ರವಾಸ, ಜೋಡಿಯಾಗಿ! ಷರತ್ತು ಒಂದೇ: ಆಟ ಮುಗಿಯೋವರೆಗೆ ಕೈಯಲ್ಲಿರೋ ಎಲೆ ಏನು ಅಂತ ಬಾಯಿ ಬಿಡಬಾರದು. ಭಾವನಿಗೆ ಅಕ್ಕನಿಗೆ ಸಮುದ್ರ ತೋರಿಸುವ ಆಸೆ. ಆದರೆ ಬಾಯಿ? ಸಿಗ್ನಲ್ಲಿನ ಕೆಂಪು ದೀಪದ ಜತೆಗೂ ಹರಟುವ ಮನುಷ್ಯ!

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸ್ಪ್ಯಾನರ್ ಹಿಡಿದವನು, ಇಟ್ಟಮಡುವಿನಲ್ಲಿ ಸ್ವಂತ ಗ್ಯಾರೇಜಿದೆ. ಸೋತವನಿಗೆ ಬಹುಮಾನ ಅನ್ನೋದು ನನ್ನ ತಲೆಗೆ ಹತ್ತಲೇ ಇಲ್ಲ. ಒಂದು ಭಾನುವಾರ ಜತೆಗೆ ಹೋಗಿ ಹಿಂದೆ ನಿಂತು ನೋಡಿದೆ. ಹುಲಿಗಳ ಹಾಗೆ ಆಡುತ್ತಿದ್ದವರು ಬೀಗರ ಪಂಕ್ತಿಯಲ್ಲಿ ಕೂತ ಹಾಗೆ ಕೂತಿದ್ದಾರೆ! ಯಾರೂ ಜೋರಾಗಿ ಪಣ ಕಟ್ಟೋದಿಲ್ಲ. ಎದುರಿನವನು ಹೆದರಿ ಎಲೆ ಎಸೆದುಬಿಟ್ಟರೆ ನಮ್ಮನ್ನು ಸೋಲಿಸೋರು ಯಾರು? ಒಮ್ಮೆ ಭಾವನಿಗೆ ನಾಲ್ಕು ರಾಜ ಬಂದು, ಪಾಪ, ಗೆದ್ದೇಬಿಟ್ಟರು. ‘ಬೇಜಾರ್ ಮಾಡ್ಕೋಬೇಡಿ ಸಾರ್’ ಅಂತ ಎಲ್ಲರೂ ಬಂದು ಕೈ ಹಿಡಿದು ಸಮಾಧಾನ ಹೇಳಿದರು!

ಹೋದ ವಾರ ಬಾಯಿಗೆ ಬೀಗ ಅಂತ ದೊಡ್ಡ ಕಲ್ಲುಸಕ್ಕರೆ ಇಟ್ಟುಕೊಂಡೇ ಕೂತರು. ಬಂತು ನೋಡಿ, ನಾಲ್ಕು ಒಂಬತ್ತು! ಭಾವನ ಕಾಲು ಮೇಜಿನಡಿ ಹೊಲಿಗೆ ಮಿಷನ್ ತುಳಿಯೋಕೆ ಶುರು. ಎದುರಿಗೆ ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿರೋ ಹುಬ್ಬಳ್ಳಿ ಹುಡುಗ. ಯೋಚಿಸಿದ, ಯೋಚಿಸಿದ, ಕೈ ಎತ್ತಿದ.

ಕಲ್ಲುಸಕ್ಕರೆ ಕಟಂ ಅಂತು. ‘ಎಸೀಬೇಡಪ್ಪಾ! ನನ್ಹತ್ರ ನಾಲ್ಕು ಒಂಬತ್ತಿದೆ, ಸೋಲ್ಸು ನನ್ನ!’

‘ನಾ ಎಲ್ಲಿ ಒಗ್ಯಾಕತ್ತಿದ್ದೆ ಅಂಕಲ್?’ ಹುಡುಗ ಕಂಗಾಲು. ‘ಮೂಗು ತುರಸಾಕತ್ತಿತ್ರೀ!’

ಅವನ ಎಲೆ ಬಿಚ್ಚಿದರೆ ಆಟೀನಿನ ಐದು ಎಲೆ ಒಂದರ ಹಿಂದೊಂದು ಸಾಲಾಗಿ ಕೂತಿವೆ, ನಾಲ್ಕು ಒಂಬತ್ತನ್ನೂ ಹೊಡೆಯೋ ಎಲೆ. ಭಾವ ಸೋತಿದ್ದರು! ಎಲೆ ಹಂಚೋ ಹುಡುಗಿ ತಲೆ ತಗ್ಗಿಸಿ, ‘ಸಾರಿ ಸಾರ್, ಮಾತಾಡ್ಬಿಟ್ರಿ, ಸ್ಕೀಮ್ ಕ್ಯಾನ್ಸಲ್’ ಅಂದಳು.

ವಾಪಸ್ ಬರುವಾಗ ನನ್ನ ಸ್ಕೂಟರಿನ ಹಿಂದೆ ಕೂತ ಭಾವ ಉಸಿರೆತ್ತಲಿಲ್ಲ. ‘ಬಿದ್ದುಗಿದ್ದು ಹೋದ್ರಾ?’ ಅಂತ ಎರಡು ಸಲ ತಿರುಗಿ ನೋಡಿದೆ. ತಡೆಯಲಾರದೆ ರೇಗಿದೆ: ‘ಒಂದೇ ಒಂದ್ನಿಮಿಷ ಸುಮ್ನಿರಕ್ಕೆ ಆಗ್ಲಿಲ್ವಾ ಭಾವ ನಿಮಗೆ?’

‘ಅಭ್ಯಾಸ ತಪ್ಪೋಗಿದೆ ಕಣೋ. ಗಂಟಲು ಆಪರೇಷನ್ ಆದ್ಮೇಲೆ ನಿಮ್ಮಕ್ಕಂಗೆ ದನಿ ಇಲ್ವಲ್ಲ. ಮನೇಲಿ ಅವಳ ಮಾತೂ ನಾನೇ ಆಡ್ಬೇಕು. ನಾನು ಸುಮ್ನಾದ್ರೆ ಅವಳು ಗಾಬರಿಯಾಗಿ ಒಳಗಿಂದ ಎದ್ದು ಬರ್ತಾಳೆ.’

ನಾನು ಸ್ಕೂಟರನ್ನು ಅಕ್ಕನ ಮನೆ ಕಡೆ ಜೋರಾಗಿ ಓಡಿಸಿದೆ.

ಮನೆಯಲ್ಲಿ ಚಪ್ಪಲಿ ಕೂಡ ಬಿಡದೆ ನಡೆದದ್ದನ್ನೆಲ್ಲ ಆಡಿ ತೋರಿಸಿದರು: ಹುಬ್ಬಳ್ಳಿ ಹುಡುಗನ ಮೂಗು, ಎಲೆ ಹಂಚೋ ಹುಡುಗಿಯ ‘ಸಾರಿ ಸಾರ್’, ಎಲ್ಲ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕುತ್ತಾ ಸದ್ದಿಲ್ಲದೆ ನಕ್ಕಳು, ಕಣ್ಣಲ್ಲಿ ನೀರು ಬರೋವರೆಗೆ.

ಭಾವ ಅವಳನ್ನೇ ನೋಡುತ್ತಾ, ‘ಹಾಂ? ಇನ್ನೊಂದ್ಸಲ ಹೇಳ್ಬೇಕಾ?’ ಅಂತ ಮತ್ತೆ ಮೊದಲಿಂದ ಶುರು ಮಾಡಿದರು.