ಹೆಂಚು ನೋಡುವ ಮಾವನವರೂ ನನ್ನ ಐತಿಹಾಸಿಕ ಭಾನುವಾರವೂ

ಹಳೆಯ ಕಟ್ಟಡಗಳಲ್ಲಿ ನನಗೆ ಹಿಡಿಸಿದ ಗುಣವೆಂದರೆ ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಮುನ್ನೂರು ವರ್ಷದಿಂದ ನಿಂತಲ್ಲೇ ನಿಂತಿರುವ ವಸ್ತುವನ್ನು ನಾಲ್ಕು ಜನರಿಗೆ ತೋರಿಸಲು ಅಂಥ ಪಾಂಡಿತ್ಯವೇನೂ ಬೇಡ ಎಂದು ನಾನು ನಂಬಿದ್ದೆ. ಮಾವನವರು ಬಂದು ಜರ್ಮನಿಯ ಗಾರ್ಕಿಂಗ್‌ನ ನಮ್ಮ ಮನೆಯಲ್ಲಿ ಇಳಿಯುವವರೆಗೆ ಆ ನಂಬಿಕೆ ಭದ್ರವಾಗಿತ್ತು.

ಮಾವನವರು ಮಂಗಳೂರಿನ ಹೆಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದವರು. ಅತ್ತೆಯವರೊಡನೆ ಇಂಗ್ಲೆಂಡಿನ ಕೆಂಟ್ ಕೌಂಟಿಯಲ್ಲಿರುವ ದೊಡ್ಡ ಮಗಳ ಮನೆಯಲ್ಲಿ ಒಂದು ತಿಂಗಳಿದ್ದು, ಅಲ್ಲಿಂದ ನಮ್ಮಲ್ಲಿಗೆ ಬಂದರು. ಬರುವಾಗ ಒಂದು ಕಾಗದ ತಂದರು. ‘ಕೆಂಟ್‌ನಲ್ಲಿ ನೋಡಲೇಬೇಕಾದ ಐತಿಹಾಸಿಕ ಕಟ್ಟಡಗಳು’! ತಯಾರಿಸಿದವನು ನನ್ನ ಷಡ್ಡಕ ದಿನೇಶ. ಒಟ್ಟು ಹನ್ನೊಂದು ಕಟ್ಟಡ, ಹನ್ನೊಂದಕ್ಕೂ ಟಿಕ್ ಮಾರ್ಕು. ಸಾಲದ್ದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದ್ದ, ಪುಣ್ಯಾತ್ಮ!

ದಿನಾ ಬೆಳಿಗ್ಗೆ ದೋಸೆಯ ಜೊತೆಗೆ ಆ ಪಟ್ಟಿಯ ಪಾರಾಯಣ.

“ಡೋವರ್ ಕೋಟೆ ಉಂಟಲ್ಲ, ಎಂತ ಗಟ್ಟಿ ಗೋಡೆ ಮಾರಾಯ್ರೆ!” ಎಂದು ಮಾವನವರು.

“ಇನ್ನೊಂದು ಕೋಟೆ ಸುತ್ತ ನೀರು, ನೀರಲ್ಲಿ ಹಂಸ! ಅದಕ್ಕೆ ಹಾಕ್ಲಿಕ್ಕೆ ದಿನೇಶ ಬ್ರೆಡ್ ಸಹ ತಂದಿದ್ರು,” ಎಂದು ಅತ್ತೆ.

ಬ್ರೆಡ್ಡಿನ ಮಾತು ನನ್ನ ಎದೆಗೇ ನಾಟಿತು. ಒಂದೇ ಒಂದು ಭಾನುವಾರದಲ್ಲಿ ದಿನೇಶನ ಲ್ಯಾಮಿನೇಷನ್ನನ್ನು ಮಣ್ಣುಪಾಲು ಮಾಡುತ್ತೇನೆಂದು ಪಣ ತೊಟ್ಟೆ. ಎಕ್ಸೆಲ್ ತೆರೆದೆ. ಅರಮನೆ, ಚರ್ಚು, ಹಳ್ಳಿಯ ಪುರಾತನ ಮನೆ. ವರ್ಷಕ್ಕೊಂದು ಭಾನುವಾರ ಇಲ್ಲಿ ಇಂಥ ಹಳೆಯ ಮನೆಗಳನ್ನು ಜನರಿಗಾಗಿ ತೆರೆದಿಡುತ್ತಾರೆ, ಆ ಭಾನುವಾರವೇ ನನ್ನ ಕೈಗೆ ಸಿಕ್ಕಿತ್ತು.

“ಟಿಕೆಟ್ ಡೇಟ್ ಸರಿ ನೋಡಿದ್ದೀರಲ್ಲ?” ಎಂದಳು ಹೆಂಡತಿ ಸ್ಮಿತಾ.

“ನನಗೇ ಹೇಳ್ಕೊಡ್ತೀಯಾ? ಪ್ರಾಜೆಕ್ಟ್ ಮ್ಯಾನೇಜ್ ಮಾಡೋನು ಕಣೇ ನಾನು!” ಎಂದೆ.

ಅರಮನೆಯ ಬಾಗಿಲಲ್ಲಿ ಟಿಕೆಟ್ ನೋಡಿದ ಸಮವಸ್ತ್ರದ ಮನುಷ್ಯ ಬಹಳ ಮರ್ಯಾದೆಯಿಂದ, “ಮುಂದಿನ ಭಾನುವಾರ ಬನ್ನಿ,” ಎಂದ. ಇವತ್ತಿನ ಟಿಕೆಟ್ ಎಲ್ಲಾ ಖಾಲಿಯಂತೆ. ಸ್ಮಿತಾ ಟಿಕೆಟ್ ಇಸಿದುಕೊಂಡು ತಾರೀಖನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ಮಾವನವರು ಮಾತ್ರ ಅಂಗಳದಲ್ಲಿ ಕತ್ತೆತ್ತಿ ನಿಂತು, “ಮಾಡು ಚಂದ ಉಂಟು,” ಎಂದು ಸಮಾಧಾನಪಟ್ಟುಕೊಂಡರು. ಅವರ ಊರಲ್ಲಿ ಸೂರಿಗೆ ಮಾಡು ಎನ್ನುತ್ತಾರೆ.

ಚರ್ಚಿಗೆ ಹೋದರೆ ಅಲ್ಲಿ ಚರ್ಚೇ ಕಾಣಲಿಲ್ಲ. ರಿಪೇರಿಗೆಂದು ತಳದಿಂದ ಗೋಪುರದವರೆಗೆ ಬಟ್ಟೆ ಹೊದಿಸಿ, ಆ ಬಟ್ಟೆಯ ಮೇಲೆ ಅದೇ ಚರ್ಚಿನ ಚಿತ್ರ ಛಾಪಿಸಿದ್ದರು. ಅತ್ತೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. “ದಿನೇಶನ ಹತ್ರ ಎಲ್ಲ ಒರಿಜಿನಲ್ ಇತ್ತು,” ಎಂದರು ಮಾವನವರು, ಯಾವ ದುರುದ್ದೇಶವೂ ಇಲ್ಲದೆ.

ಉಳಿದದ್ದು ಹಳ್ಳಿಯ ಮನೆ. ಮಾನ ಉಳಿಯಬೇಕಾದರೆ ಅದೇ ಉಳಿಸಬೇಕು. ಬಸ್ಸಿಳಿದು ನಾಲ್ಕು ಹೆಜ್ಜೆ ಹಾಕಿದೆವೋ ಇಲ್ಲವೋ, ಎದುರಿಗೇ ಮರದ ಮಹಡಿಯ, ಹೆಂಚಿನ ಮನೆ. ಬಾಗಿಲು ತೆರೆದಿದೆ. ಬಾಗಿಲಿಗೆ ಹಸಿರೆಲೆಯ ತೋರಣ, ಮೇಲೆ ‘80’ ಎಂಬ ಫಲಕ. ತೋರಣ ಕಟ್ಟಿ ಬಾಗಿಲು ತೆರೆದಿಟ್ಟರೆ ಕನ್ನಡಿಗನಾದವನು ಇನ್ನೇನು ತಿಳಿಯಬೇಕು?

“ನಿಮ್ಮ ಲಿಸ್ಟಲ್ಲಿ ಮನೆ ನಂಬರ್ ಎಂಟು ಅಂತ ಉಂಟಲ್ಲ?” ಎಂದಳು ಸ್ಮಿತಾ.

“ಹಳೇ ಊರು, ನಂಬರ್ ಬದಲಾಗಿರುತ್ತೆ. ಬನ್ನಿ ಮಾವ!”

ಚಪ್ಪಲಿ ಬಿಟ್ಟು ಒಳಗೆ ಹೋದೆವು. ಏಪ್ರನ್ ಕಟ್ಟಿದ ಹೆಂಗಸೊಬ್ಬಳು ತಟ್ಟೆಗಳ ರಾಶಿ ಹೊತ್ತು ಎದುರಾದಳು. ನಾನು ಗಂಭೀರವಾಗಿ ನಮಸ್ಕಾರ ಹೇಳಿದೆ. ಅವಳೂ ಹೇಳಿದಳು, ಹೇಳಿ ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತ ನಿಂತಳು. ನಾನು ಅಡುಗೆಮನೆಗೆ ನುಗ್ಗಿ ಉಪನ್ಯಾಸ ಶುರು ಮಾಡಿದೆ.

“ಇದು ಆ ಕಾಲದ ಅಡುಗೆಮನೆ. ನೋಡಿ, ಕೇಕಿನ ಮಾದರಿ ಎಷ್ಟು ನೈಜವಾಗಿದೆ!”

ಅತ್ತೆ ಮುಟ್ಟಿ ನೋಡಿದರು. “ಬಿಸಿ ಉಂಟು!”

ಅಲ್ಲಿಗಾದರೂ ನಾನು ನಿಲ್ಲಿಸಬೇಕಿತ್ತು. ವಿನಾಶಕಾಲೇ ವಿಪರೀತಬುದ್ಧಿ! ಪಕ್ಕದ ಕೋಣೆಯ ಬಾಗಿಲು ತಳ್ಳಿದೆ. ಕಿಟಕಿಯ ಬಳಿ ಕುರ್ಚಿಯಲ್ಲಿ ಈ ಕಡೆಯ ಹಳೆಯ ಹಬ್ಬದುಡುಪಾದ ಚರ್ಮದ ಚಡ್ಡಿ, ಹೆಗಲಿಗೆ ಕಸೂತಿಯ ಪಟ್ಟಿ ತೊಟ್ಟ ಮುದುಕರೊಬ್ಬರು ಕಣ್ಣುಮುಚ್ಚಿ ಕೂತಿದ್ದರು.

“ಮೇಣದ ಬೊಂಬೆ. ಆ ಕಾಲದ ಮನೆ ಯಜಮಾನ,” ಎಂದೆ.

“ಉಸಿರಾಡ್ತಾ ಉಂಟಲ್ಲ!” ಎಂದರು ಅತ್ತೆ.

ಬೊಂಬೆ ಕಣ್ಣು ಬಿಟ್ಟಿತು.

ಆಮೇಲೆ ತಿಳಿದದ್ದಿಷ್ಟು: ಅದು ಆ ತಾತನ ಎಂಬತ್ತನೇ ಹುಟ್ಟುಹಬ್ಬ, ತೋರಣ ಅದಕ್ಕೆ, ಫಲಕ ಅದಕ್ಕೆ, ಕೇಕು ಅದಕ್ಕೆ. ತಟ್ಟೆಯ ಹೆಂಗಸು ಅವರ ಸೊಸೆ. ನಮ್ಮನ್ನು ಆಕೆ ಗಂಡನ ಆಫೀಸಿನವರೆಂದು ತಿಳಿದಿದ್ದಳು. ನಾವು ನೋಡಬೇಕಿದ್ದ ಎಂಟನೇ ನಂಬರಿನ ಮನೆ ಎದುರು ಸಾಲಿನಲ್ಲಿ ಅಷ್ಟೂ ಹೊತ್ತು ಬಾಗಿಲು ತೆರೆದುಕೊಂಡು ಕಾದಿತ್ತು.

ನಾನು ಜರ್ಮನ್ ಪರೀಕ್ಷೆ ಪಾಸಾದವನು. ಡಾಕ್ಟರ ಹತ್ತಿರ, ಬಾಡಿಗೆಮನೆಯ ಯಜಮಾನನ ಹತ್ತಿರ ಏನು ಹೇಳಬೇಕೆಂದು ಕಲಿಸಿದ್ದರು. ‘ನಿಮ್ಮ ಮಾವನನ್ನು ಬೊಂಬೆ ಎಂದು ತೋರಿಸಿದ್ದಕ್ಕೆ ಕ್ಷಮಿಸಿ’ ಎಂಬ ಪಾಠ ಇರಲಿಲ್ಲ. ನಾನು ತೊದಲುತ್ತಿರುವಾಗ ಮಾವನವರು ಮಾತ್ರ ಛಾವಣಿಯ ಮೂಲೆಯನ್ನೇ ದಿಟ್ಟಿಸುತ್ತಿದ್ದರು. ಅಲ್ಲೊಂದು ಒದ್ದೆ ಕಲೆ.

“ಸೋರ್ತಾ ಉಂಟು,” ಎಂದು ಬೆರಳು ತೋರಿದರು. ಆಮೇಲೆ ಎರಡು ಕೈಗಳಿಂದ ಹೆಂಚು ಹೊದಿಸಿ, ಒಂದು ಹೆಂಚು ಬಿರುಕು ಬಿಟ್ಟದ್ದನ್ನು ಅಭಿನಯಿಸಿ ತೋರಿಸಿದರು.

ತಾತ ಕುರ್ಚಿಯಿಂದ ಚಿಮ್ಮಿ ಎದ್ದರು. ಮಾಡು ಸೋರುತ್ತಿದೆ ಎಂದು ಅವರು ಬಡಕೊಳ್ಳುವುದು, ಮಗ ‘ಅದು ಹಳೇ ಕಲೆ’ ಎಂದು ತಳ್ಳಿಹಾಕುವುದು ಆ ಮನೆಯ ಬಹುದಿನದ ವ್ಯಾಜ್ಯವಂತೆ. ಮಾವನವರ ಕೈ ಹಿಡಿದು ಅಟ್ಟಕ್ಕೆ ಕರೆದುಕೊಂಡು ಹೋದರು. ಮೇಲಿನಿಂದ ಒಬ್ಬರ ಮಂಗಳೂರು ಕನ್ನಡ, ಇನ್ನೊಬ್ಬರ ಬವೇರಿಯದ ಜರ್ಮನ್, ನಡುನಡುವೆ ಇಬ್ಬರ ನಗು ಕೇಳಿಬರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಒಡೆದ ಹೆಂಚಿನ ಚೂರು ಹಿಡಿದು ಗೆದ್ದ ಪೈಲ್ವಾನರಂತೆ ಇಳಿದರು. ಅಷ್ಟರಲ್ಲಿ ಅತ್ತೆಗೆ ಕಾಫಿ, ಸ್ಮಿತಾಗೆ ಕೇಕು ಸಂದಿತ್ತು. ನನಗೆ ಸೊಸೆ ಒಂದು ಕೆಲಸ ಕೊಟ್ಟಿದ್ದಳು. ಬರುವ ಅತಿಥಿಗಳಿಗಾಗಿ ಅಂಗಳದಲ್ಲಿ ಬೆಂಚು ಜೋಡಿಸುವುದು!

ಸಂಜೆ ಮಾವನವರು ದಿನೇಶನಿಗೆ ಫೋನು ಮಾಡಿದರು. ನಾನು ಮೈಯೆಲ್ಲ ಕಿವಿಯಾಗಿ ಕೂತೆ.

“ನೀವು ಹನ್ನೊಂದು ಕಟ್ಟಡ ತೋರಿಸಿದ್ರಿ, ಒಂದರದ್ದೂ ಅಟ್ಟ ಹತ್ಲಿಕ್ಕೆ ಸಿಗ್ಲಿಲ್ಲ ಮಾರಾಯ್ರೆ. ಇಲ್ಲಿ ಹೆಂಚು ಕೈಯಲ್ಲಿ ಹಿಡಿದು ನೋಡಿದೆ!”

ನನ್ನ ಎದೆ ಉಬ್ಬಿತು. ಅತ್ತ ಕಡೆಯಿಂದ ದಿನೇಶ ನನ್ನ ಹೆಸರು ಹಿಡಿದು ಏನೋ ಕೇಳಿದ.

“ಛೆ ಛೆ, ರಘು ತೋರಿಸಿದ್ದಲ್ಲ,” ಎಂದರು ಮಾವನವರು. “ಅವರು ದಾರಿ ತಪ್ಪಿದ್ದು.”

ಮುಂದಿನ ಭಾನುವಾರ ತಾತನೇ ಕಾರಿನಲ್ಲಿ ನಮ್ಮ ಮನೆಗೆ ಬಂದರು, ಊರಿನ ಮಾಡುಗಳನ್ನೆಲ್ಲ ಮಾವನವರಿಗೆ ತೋರಿಸಲು. ಮಾವ ಮುಂದೆ ಕೂತರು, ಅತ್ತೆ ಮತ್ತು ಸ್ಮಿತಾ ಹಿಂದೆ. ಅತ್ತೆಯ ಪಕ್ಕ ಉಳಿದಿದ್ದ ಒಂದೇ ಸೀಟಿನಲ್ಲಿ ತಾತ ಜೋಪಾನವಾಗಿ ಹೊಸ ಹೆಂಚಿನ ಪೆಟ್ಟಿಗೆ ಇಟ್ಟಿದ್ದರು.

ನಾನು ನಾಲ್ಕು ಟಿಕೆಟ್ ಹಿಡಿದು ಒಬ್ಬನೇ ಅರಮನೆಗೆ ಹೋದೆ. ಬಾಗಿಲಲ್ಲಿದ್ದವನು ನನ್ನ ಗುರುತು ಹಿಡಿದು ನಕ್ಕ. “ಇವತ್ತು ದಿನ ಸರಿಯಾಗಿದೆ,” ಎಂದ. ಆಮೇಲೆ ನನ್ನ ಬೆನ್ನ ಹಿಂದೆ ಇಣುಕಿ, ಉಳಿದ ಮೂವರು ಎಲ್ಲಿ ಎಂದು ಕೇಳಿದ.