ಅರಿವಿ ಹೊದ್ದ ವಿಮಾನ

ತಪ್ಪು ಕಂಡರೆ ನಾನು ಸುಮ್ಮನೆ ಬಿಡುವುದಿಲ್ಲ. ತಪ್ಪುಗಳೂ ನನ್ನನ್ನು ಸುಮ್ಮನೆ ಬಿಡುವುದಿಲ್ಲ. ಪೀರನವಾಡಿಯ ನಮ್ಮ ಓಣಿಯ ಗಟಾರಕ್ಕೆ, ಬಾರದ ಬಸ್ಸಿಗೆ, ಬಂದಂತೆ ಮಾಡಿ ಹೋಗುವ ನೀರಿಗೆ ಅರ್ಜಿ ಬರೆದು ಬರೆದು ನನ್ನ ಕೈಬರಹ ಕಚೇರಿಯ ಜವಾನನಿಗೂ ಪರಿಚಯ. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲ್. ಇಂಗ್ಲಿಷ್ ಕಲಿತದ್ದು ರದ್ದಿ ಅಂಗಡಿಯಲ್ಲಿ ಸಿಕ್ಕ ಯುದ್ಧವಿಮಾನಗಳ ದಪ್ಪ ಪುಸ್ತಕದಿಂದ. ಅದರ ಮೊದಲಿನ ಮತ್ತು ಕೊನೆಯ ಹಾಳೆಗಳನ್ನು ಅಂಗಡಿಯವ ಆಗಲೇ ಚುರುಮುರಿ ಮಾರುವವನಿಗೆ ಕೊಟ್ಟಿದ್ದ. ಉಳಿದದ್ದು ಎರಡು ಮಹಾಯುದ್ಧಗಳ ನಡುವಿನ ವಿಮಾನಗಳು. ಹಾಗಾಗಿ ನನಗೆ ಗೊತ್ತಿರುವುದು ಅವಷ್ಟೇ. ಆದರೆ ಅವು ಪೂರ್ತಿ ಗೊತ್ತು.

ಗಡಿಯಾರ

ಬೆಳಗಾವಿಯ ಒಂದು ಕಾಲೇಜಿನಲ್ಲಿ ಊರವರನ್ನೂ ಸೇರಿಸಿ ರಸಪ್ರಶ್ನೆ ಇಟ್ಟಿದ್ದರು. ಕೊನೆಯ ಸುತ್ತಿಗೆ ನಾನೊಬ್ಬನೇ ಉಳಿದೆ. ಪರದೆಯ ಮೇಲೆ ಒಂದು ವಿಮಾನ ಬಂತು. ಹಾರಲು ಎದ್ದ ಕಾಗೆಯ ಹಾಗೆ ಬುಡದಲ್ಲಿ ಬಾಗಿದ ರೆಕ್ಕೆ.

"ಪೋಲೆಂಡ್" ಎಂದೆ.

ಪ್ರಶ್ನೆ ಕೇಳುವವರು ಕಾರ್ಡು ನೋಡಿ, "ತಪ್ಪು. ಜರ್ಮನಿ" ಎಂದರು.

"ಕಾರ್ಡು ತಪ್ಪೈತ್ರಿ."

"ಇರಲಿ ಬಿಡ್ರಿ, ಬಾಜೂದ ದೇಶನ ಅಲ್ಲೇನು? ಪ್ರೈಜ್ ನಿಮಗ ಕೊಡ್ತೇವಿ."

ಬಾಜೂದ ದೇಶ! ಆ ಒಂದು ಮಾತಿಗೇ ನಾನು ವೇದಿಕೆಯ ಮೇಲೆ ಧರಣಿ ಕೂತೆ. ಅವರು ಕ್ಷಮೆ ಕೇಳಿದರು, ಕಾರ್ಡು ತಿದ್ದಿದರು. ಬಹುಮಾನದ ಗೋಡೆ ಗಡಿಯಾರವನ್ನು ನಾನು ಅಲ್ಲೇ ತಿರಸ್ಕರಿಸಿ ಬರಿಗೈಯಲ್ಲಿ ಮನೆಗೆ ಬಂದೆ.

ಹೆಂಡತಿ ಕೇಳಿದಳು: "ಗೆದ್ರೀ?"

"ಸತ್ಯ ಗೆದ್ದಿತು."

"ಛಲೋ ಆತು. ಈಗ ಎಷ್ಟ ಗಂಟಿ ಆಗೈತಿ ಅಂತ ಸತ್ಯಾನ್ನ ಕೇಳ್ರಿ."

ಟೇಲರ್ ಕಾಕಾ

ಆ ಧರಣಿಯನ್ನು ನೋಡಿದವರಲ್ಲಿ ಖಾನಾಪುರದ ಒಬ್ಬ ಮುದುಕ ಟೇಲರ್ ಇದ್ದರು. ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರಂತೆ. ಮರುದಿನವೇ ಒಂದು ಫೋಟೋ ಹಿಡಿದು ನಮ್ಮ ಮನೆಗೆ ಬಂದರು. ಎರಡಂತಸ್ತಿನ ರೆಕ್ಕೆಯ ವಿಮಾನ. ರೆಕ್ಕೆಯ ಕೆಳಗೆ ಸೂಜಿ ದಾರ ಹಿಡಿದು ನಿಂತ ತೆಳ್ಳನೆಯ ಮನುಷ್ಯ.

"ನಮ್ಮಪ್ಪ ರೀ. ಬ್ರಿಟಿಷರ ಕಾಲದಾಗ ಕರಾಚಿಯೊಳಗ ವಿಮಾನಕ್ಕ ಅರಿವಿ ಹೊಲಿಯಾಂವ ಇದ್ದ."

ಖರೇ ಮಾತು. ಆ ಕಾಲದ ವಿಮಾನಗಳ ರೆಕ್ಕೆ ಹೊದಿಸುತ್ತಿದ್ದದ್ದು ಬಟ್ಟೆಯಿಂದಲೇ. ಹೊಲಿದು ಮೇಲೆ ಎಣ್ಣೆಯಂಥದ್ದು ಬಳಿದರೆ ನಗಾರಿಯ ಚರ್ಮದಂತೆ ಬಿಗಿಯುತ್ತದೆ.

"ಊರಾಗ ಯಾರೂ ನಂಬವೊಲ್ರು. ಕಚೇರಿಯವರಿಗೆ ಈ ಫೋಟೋದ ಕಾಪಿ ಕೊಟ್ಟಿದ್ದೆ, ಬೆಳಗಾವಿ ಕೋಟೆ ಬಾಜೂಕ ಪಾರ್ಕಿನ್ಯಾಗ ದೊಡ್ಡದು ಮಾಡಿ ಹಾಕ್ಯಾರ. ಕೆಳಗ 'ಜೆಟ್ ವಿಮಾನ' ಅಂತ ಬರದಾರ. ಈಗ ಮಂದಿ ನಗತಾರ. ಜೆಟ್ಟಿಗೆ ಅರಿವಿ ಎಲ್ಲಿಂದ ಬಂತೋ, ನಿಮ್ಮಪ್ಪ ವಿಮಾನಕ್ಕ ಚಡ್ಡಿ-ಚೊಣ್ಣ ಹೊಲದಿದ್ನೇನು ಅಂತಾರ. ಸಾಯೂದ್ರಾಗ ಇದೊಂದು ಸರಿ ಮಾಡಿಕೊಡ್ರಿ."

ನನ್ನ ನೆತ್ತಿಗೆ ಬೆಂಕಿ ಹತ್ತಿತು. ಆದರೆ ಚಳವಳಿಗೆ ಮೊದಲು ಪುರಾವೆ ಬೇಕು. ಎಂಟು ದಿನ ಭೂತಗನ್ನಡಿ ಹಿಡಿದು ಕೂತೆ. ಹಾರ್ಟ್ ಎಂಬ ವಿಮಾನವೋ, ವಾಪಿಟಿ ಎಂಬುದೋ? ಕೊನೆಗೆ ಆಟೋ ನಗರದಲ್ಲಿ ಗ್ಯಾರೇಜಿಟ್ಟ ಪರಿಚಯದ ಮಿಸ್ತ್ರಿಗೆ ತೋರಿಸಿದೆ. ಅವರು ಬೀಡಿ ಆರಿಸುವಷ್ಟರಲ್ಲಿ ಹೇಳಿದರು:

"ಸಿಲಿಂಡರ್ ಎಲ್ಲಾ ಸುತ್ತ ಹೊರಗ ಕಾಣಸ್ತಾವ. ಗಾಳಿಲೆ ತಣ್ಣಗಾಗೂ ಇಂಜಿನ್. ನೀರಿಂದಲ್ಲ."

ಹಾರ್ಟ್‌ನ ಮೂತಿ ಚೂಪು, ಇಂಜಿನ್ನು ನೀರಿನದು. ಹಾಗಾದರೆ ಇದು ವಾಪಿಟಿ! ನಾನು ಅವರ ಕೈ ಹಿಡಿದು ಕುಲುಕಿದೆ. ಅವರು ಇನ್ನೂ ಫೋಟೋ ನೋಡುತ್ತಲೇ ಇದ್ದರು.

"ಶುಕ್ರವಾರ ಬಿಟ್ಟು ಹೋಗ್ರಿ, ನೋಡೂಣು. ಆದ್ರ ರೆಕ್ಕಿ ಬಿಚ್ಚಿ ತರ್ರಿ, ನಮ್ಮ ಗೇಟಿನ್ಯಾಗ ಹಿಡಿಯಂಗಿಲ್ಲ."

ಮಂಜೂರಾತಿ

ಫಲಕ ಹಾಕಿದ ಕಚೇರಿಗೆ ಅರ್ಜಿ ಒಯ್ದೆ. ಸಾಹೇಬರು ಪೂರ್ತಿ ಓದಿದರು. ಅದೇ ನನಗೆ ಅನುಮಾನ ತಂದಿತು.

"ನೀವು ಹೇಳೂದು ಖರೇ ಅದ. ಚಿತ್ರಕ್ಕೂ ಅಕ್ಷರಕ್ಕೂ ಕೂಡವೊಲ್ದು. ಬದಲಿ ಮಾಡೂಣು."

"ಉಪಕಾರ ಆತ್ರಿ ಸಾಹೇಬ್ರ."

"ಫೋಟೋ ತಗದು ಒಂದು ಜೆಟ್ಟಿಂದು ಹಾಕಿಬಿಡೂಣು."

"ಫೋಟೋ ಸರಿ ಐತ್ರಿ! ತಪ್ಪಾಗಿದ್ದು ಅಕ್ಷರ!"

"ಅಕ್ಷರಕ್ಕ ಮೇಲಿನವರ ಮಂಜೂರಾತಿ ಅದರಿ. ಫೋಟೋಕ್ಕ ಇಲ್ಲ."

ಅಂದರೆ ಕಾಕಾನ ಅಪ್ಪ ಸುಳ್ಳುಗಾರನಾಗಿದ್ದು ಸಾಲದು, ಈಗ ಫಲಕದಿಂದಲೂ ಇಳಿಯಬೇಕು. ಇದು ನಾನು ಕೊಟ್ಟ ಅರ್ಜಿಯ ಫಲ. ಯಾವಾಗ ಬದಲಿಸುತ್ತೀರಿ ಎಂದು ಕೇಳಿದೆ. ಗಟಾರಕ್ಕೆ ನಾಲ್ಕು ವರ್ಷ ತೆಗೆದುಕೊಂಡ ಊರಿನಲ್ಲಿ ಸಾಹೇಬರು ಹೇಳಿದರು: "ನಾಳೇನ."

ಯಾವ ಕಡೆ

ಮರುದಿನ ಬೆಳಿಗ್ಗೆ ಅವರಿಗಿಂತ ಮುಂಚೆ ಪಾರ್ಕಿಗೆ ಹೋಗಿ ಫಲಕದ ಮುಂದೆ ಕೂತೆ. ರಟ್ಟಿನ ಮೇಲೆ ದಪ್ಪಗೆ ಬರೆದಿದ್ದೆ: "ಫಲಕ ಸರಿಪಡಿಸಿ." ಅಷ್ಟೇ ಬರೆದದ್ದು ನನ್ನ ತಪ್ಪು. ಬೆಳಗಾವಿಯಲ್ಲಿ ಒಬ್ಬ ಮನುಷ್ಯ ಫಲಕದ ಮುಂದೆ ಸಿಟ್ಟಿನಿಂದ ಕೂತರೆ ಕಾರಣವನ್ನು ಯಾರೂ ಕೇಳುವುದಿಲ್ಲ. ಕಾರಣ ಎಲ್ಲರಿಗೂ ಗೊತ್ತು.

ಅರ್ಧ ಗಂಟೆಯಲ್ಲಿ ಕೆಂಪು-ಹಳದಿ ಶಲ್ಯದವರು ಬಂದರು. "ಅಣ್ಣಾ, ನೀವು ಕುಂದರ್ರಿ, ನಾವದೇವಿ. ಕನ್ನಡ ಸಣ್ಣ ಅಕ್ಷರದಾಗ ಬರದಾರಲ್ಲ?" ಅವರು ಬಂದರೆಂದು ಗೊತ್ತಾಗಿ ಮರಾಠಿಯವರು ಬಂದರು. ಫಲಕದಲ್ಲಿ ಮರಾಠಿ ಎಲ್ಲಿ ಎಂದು ಕೂಗಿದರು. ಇಬ್ಬರೂ ಬಂದರೆಂದು ಎರಡು ವ್ಯಾನು ಪೊಲೀಸರು ಬಂದರು. ಫೋಟೋ ಇಳಿಸಲು ಏಣಿ ತಂದಿದ್ದ ಕಚೇರಿಯವರು ಏಣಿ ಬಿಟ್ಟು ಓಡಿದರು.

"ಭಾಷಾ ಅಲ್ರೋ, ಇಂಜಿನ್ ನೋಡ್ರೋ!" ಎಂದು ನಾನು ಅರಚಿದೆ.

ಸಬ್ ಇನ್ಸ್‌ಪೆಕ್ಟರ್ ನನ್ನ ಹತ್ತಿರ ಬಗ್ಗಿ ಕೇಳಿದರು: "ಯಾವ ಸಂಘಟನಾ ನಿಮ್ಮದು?"

"ನಾನೊಬ್ಬನರಿ."

"ಯಾವ ಕಡೆಯವರು ಮತ್ತ?"

"ವಾಪಿಟಿ ಕಡೆ."

ಎರಡೂ ಕಡೆಯ ಮುಖಂಡರು ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು. ಮೂರನೆಯ ಕಡೆಯೊಂದು ಹುಟ್ಟಿದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ಸಂಜೆಗೆ ಸಾಹೇಬರೇ ಬಂದು ಎಲ್ಲರ ಬೇಡಿಕೆಯನ್ನೂ ಒಪ್ಪಿದರು. ಗಲಾಟೆಯಾದ ಜಾಗ, ಫೋಟೋ ಮುಟ್ಟುವುದಿಲ್ಲ ಎಂದರು. ಎಂಟೇ ದಿನದಲ್ಲಿ ಹೊಸ ಫಲಕ ಬಂತು. ಕನ್ನಡ, ಮರಾಠಿ, ಇಂಗ್ಲಿಷ್. ಎರಡೂ ಕಡೆಯವರು ಟೇಪು ಹಿಡಿದು ಅಕ್ಷರದ ಎತ್ತರ ಅಳೆದು, ಸಮಾಧಾನವಾಗಿ ಕುಂದಾ ಹಂಚಿದರು. ನಾನು ಮಾತ್ರ ಅದನ್ನು ಓದಿದೆ. ಮೂರೂ ಭಾಷೆಯಲ್ಲಿ ಬರೆದಿದ್ದರು: ಜೆಟ್ ವಿಮಾನ.

ಅಷ್ಟರಲ್ಲಿ ಟೇಲರ್ ಕಾಕಾ ಟೆಂಪೋ ಮಾಡಿಕೊಂಡು ಊರವರನ್ನೆಲ್ಲ ಕರೆತಂದಿದ್ದರು. ಚೊಣ್ಣದ ಮಾತಾಡಿದ್ದವರೇ ಸಾಲಾಗಿ ನಿಂತು ಆ ಫೋಟೋದ ಮುಂದೆ ಮೊಬೈಲು ಹಿಡಿದಿದ್ದರು. ನಾನು ತಲೆ ತಗ್ಗಿಸಿ ಹೇಳಿದೆ:

"ಸೋತೆ, ಕಾಕಾ. ಆದ್ರ ಬಿಡಂಗಿಲ್ಲ. ನಾಳೆಯಿಂದ ಮತ್ತ ಕುಂದ್ರತೇನಿ."

ಕಾಕಾ ಗಾಬರಿಯಾಗಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಕೈ ಮುಗೀತೇನಿ, ನಮ್ಮಪ್ಪನ ಹೆಸರು ಈಗ ಏಳಾಕ ಹತ್ತೈತಿ, ಕುಂದರಸಬ್ಯಾಡ್ರಿ. ಎರಡು ವ್ಯಾನು ಪೊಲೀಸ್ರು ಬಂದಾರಂದ್ರ ಖರೇನ ಇರಬೇಕು ಅಂತ ಊರೆಲ್ಲ ನಂಬೈತಿ. ನಿಮ್ಮ ವಾಪಿಟಿಗೆ ಅರಿವಿ ಹೊಲದ ಟೇಲರ್ ನೂರಾರು ಮಂದಿ ಇದ್ದಾರು. ಜೆಟ್ಟಿಗೆ ಹೊಲದಾಂವ ಜಗತ್ತಿನ್ಯಾಗ ನಮ್ಮಪ್ಪ ಒಬ್ಬನ. ಅದೂ ಮೂರು ಭಾಷಾದಾಗ."